ಬೆನ್ನ ಮೇಲಿನ ಹೆಸರು

ನಾನು ಒಂದು ಕರಿಕಲ್ಲಿನ ಚಪ್ಪಡಿ. ಚಾಮರಾಜನಗರದ ಕಡೆಯ ಒಂದು ಗುಡ್ಡದ ಒಡಲಲ್ಲಿ ಎಷ್ಟು ಕಾಲ ಮಲಗಿದ್ದೆನೋ ನನಗೇ ತಿಳಿಯದು. ಅಲ್ಲಿಂದ ನನ್ನನ್ನು ಬೇರ್ಪಡಿಸಿದ ದಿನವೇ ನನ್ನ ಹುಟ್ಟು. ಕಾರ್ಖಾನೆಯಲ್ಲಿ ಹಲಗೆಯಂತೆ ಸೀಳಿ, ಒಂದು ಮಗ್ಗುಲಿಗೆ ಮಾತ್ರ ಹೊಳಪು ಕೊಟ್ಟರು. ಯಾರಿಗೂ ಕಾಣದ ಬೆನ್ನು ಒರಟಾಗಿಯೇ ಉಳಿಯಿತು.

ಮನುಷ್ಯರನ್ನು ಅನುಮಾನಿಸಲು ನಾನು ಕಲಿತದ್ದು ಅಲ್ಲೇ. ಪಕ್ಕದಲ್ಲಿದ್ದ ಬೂದು ಚಪ್ಪಡಿಗಳಿಗೆ ಒಂದು ಮಧ್ಯಾಹ್ನ ಕಪ್ಪು ಬಣ್ಣ ತಿಕ್ಕಿ ಎಣ್ಣೆ ಸವರಿದರು. ಸಂಜೆಯ ಹೊತ್ತಿಗೆ ಅವು ನನಗಿಂತ ಕಪ್ಪಗಿದ್ದವು. ಆಮೇಲೆ ನಮ್ಮೆಲ್ಲರನ್ನೂ ಒಂದೇ ಲಾರಿಯಲ್ಲಿ ಮೈಸೂರಿನ ಹೊರವಲಯದ ಗುರುಪಾದ ಎಂಬವರ ಅಂಗಡಿಗೆ ತಂದು, ಕಬ್ಬಿಣದ ಚೌಕಟ್ಟಿಗೆ ಒರಗಿಸಿದರು.

ಒಂದು ಭಾನುವಾರ ನಂಜುಂಡಪ್ರಸಾದ್ ಎಂಬವರು ತಾಯಿಯೊಂದಿಗೆ ಬಂದರು. ಹೊಸ ಮನೆಯ ಅಡುಗೆಕಟ್ಟೆಗೆ ಕಲ್ಲು ಬೇಕಿತ್ತು. ತಾಯಿ ನನ್ನನ್ನು ಒಮ್ಮೆ ಸವರಿ, “ಇದೇ ಇರ್ಲಿ ಬಿಡಪ್ಪ” ಎಂದರು. ಆರಿಸಿದ ಕಲ್ಲು ಅದಲುಬದಲಾಗದಿರಲೆಂದು ಗಿರಾಕಿಗಳು ಅದರ ಬೆನ್ನ ಮೇಲೆ ಹೆಸರು, ತಾರೀಕು ಬರೆಯುವುದು ಅಲ್ಲಿನ ರೂಢಿ. ಪ್ರಸಾದರೂ ಬರೆದರು. ಹೊರಡುವಾಗ ಗುರುಪಾದರಿಗೆ ಮೆಲ್ಲಗೆ, “ಮುಂದಿನ ವಾರ ಮನೆಯೋರನ್ನ ಕರ್ಕೊಂಡು ಬರ್ತೀನಿ. ಅವಳೇ ಆರಿಸ್ದಂಗೆ ಇರ್ಲಿ” ಎಂದರು.

ಮರುವಾರ ಹೆಂಡತಿ ದಾಕ್ಷಾಯಿಣಿ ಬಂದಳು. ನಲವತ್ತೈದು ದಾಟಿದ, ಕುಳ್ಳನೆಯ ಹೆಂಗಸು. ತನ್ನ ಅಡುಗೆಮನೆಯ ಕಲ್ಲನ್ನು ತಾನೇ ಆರಿಸಲಿದ್ದೇನೆ ಎಂಬ ಸಂತೋಷ ಅವಳ ನಡಿಗೆಯಲ್ಲೇ ಕಾಣುತ್ತಿತ್ತು. ಅವಳ ಗಂಡನ ಹೆಸರನ್ನು ಬೆನ್ನ ಮೇಲೆ ಹೊತ್ತು ನಾನು ನಿಂತಿದ್ದೆ.

ಗುರುಪಾದರು ನನ್ನ ಮೇಲೆ ನೀರು ಸುರಿದು, “ನೋಡಿ ಮೇಡಂ, ಕನ್ನಡಿ ಇದ್ದಂಗೈತೆ” ಎಂದರು.

“ನೀರು ಹಾಕಿದ್ರೆ ಎಲ್ಲಾ ಕಲ್ಲೂ ಚೆಂದಾನೇ. ಒಣಗ್ಲಿ, ಕಾಯ್ತೀನಿ” ಎಂದು ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಪ್ರಸಾದರು ಎರಡು ಸಲ ಗಡಿಯಾರ ನೋಡಿಕೊಂಡರು. ನಾನು ಒಣಗಿದ ಮೇಲೆ ಅವಳು ಕೈಚೀಲದಿಂದ ನಿಂಬೆಹೋಳು ತೆಗೆದು ನನ್ನ ಮೇಲೆ ತಿಕ್ಕಿದಳು.

“ಉಪ್ಪೂ ತಂದಿದೀರಾ ಮೇಡಂ?” ಎಂದು ಗುರುಪಾದರು ನಕ್ಕರು.

“ಪಾನಕ ಮಾಡಕ್ಕೆ ಬಂದಿಲ್ಲ, ಸ್ವಲ್ಪ ತಡೀರಿ.”

ಬಿಳಿ ಕರವಸ್ತ್ರದಿಂದ ನನ್ನನ್ನು ಒರೆಸಿದಳು. ಬಟ್ಟೆ ಬೆಳ್ಳಗೇ ಇತ್ತು. ನನಗೆ ಹೆಮ್ಮೆಯಾಯಿತು. ಅಷ್ಟಕ್ಕೇ ನಿಲ್ಲಿಸಬಾರದೇ ಎಂದು ಒಳಗೊಳಗೇ ಬೇಡಿಕೊಂಡೆ.

“ಹಿಂದ್ಗಡೆ ತೋರಿಸಿ. ಬಣ್ಣ ಹಚ್ಚಿದ್ರೆ ಬೆನ್ನಲ್ಲಿ ಗೊತ್ತಾಗುತ್ತೆ.”

“ನಿಂಗೆ ಎಲ್ಲರ ಮೇಲೂ ಅನುಮಾನ” ಎಂದರು ಪ್ರಸಾದರು, ಸ್ವಲ್ಪ ಜೋರಾಗಿಯೇ.

“ಎಲ್ಲರ ಮೇಲೂ ಇಲ್ಲ” ಎಂದಳು ಅವಳು.

ಇಬ್ಬರು ಆಳುಗಳು ನನ್ನನ್ನು ಮುಂದಕ್ಕೆ ಎಳೆದು ಹಿಡಿದರು. ಅವಳು ಬಗ್ಗಿ ನೋಡಿದಳು. ಹೆಸರು ಓದಿದಳು. ತಾರೀಕನ್ನೂ ಓದಿದಳು.

“ಹೋದ ಭಾನುವಾರನೇ ಬಂದಿದ್ರಾ?”

“ಅಮ್ಮ ನೋಡಿ ಒಪ್ಕೊಂಡ್ರು. ನಿಂಗೂ ತೋರಿಸ್ದಂಗಾಯ್ತಲ್ಲ, ಇನ್ನೇನು?”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದು ಮೊದಲ ಸಲವಲ್ಲ ಎಂದು ಆ ಮುಖವೇ ಹೇಳುತ್ತಿತ್ತು. ಇಷ್ಟು ವರ್ಷ ತಾನು ಆರಿಸಿದೆನೆಂದುಕೊಂಡಿದ್ದ ಸೀರೆ, ಮಂಚ, ಮಗಳ ಹೆಸರು ಎಲ್ಲದರ ಬೆನ್ನನ್ನೂ ಅವಳು ಆಗ ತಿರುಗಿಸಿ ನೋಡುತ್ತಿದ್ದಿರಬೇಕು.

“ಕಲ್ಲು ಚೆನ್ನಾಗಿದೆ” ಎಂದಳು ಗುರುಪಾದರಿಗೆ. “ನಂಗೆ ಬೇಡ.”

ಮೂಲೆಯಲ್ಲಿದ್ದ ಒಂದು ಕೆಂಪುಕಲ್ಲನ್ನು ಅವಳು ಆರಿಸಿದಳು. ಅದರಲ್ಲಿ ಒಂದು ಮಸುಕು ಗೆರೆಯಿತ್ತು. ಅದರ ಬೆನ್ನ ಮೇಲೆ ತನ್ನ ಹೆಸರನ್ನು ತಾನೇ ಬರೆದಳು.

ಹತ್ತು ದಿನದ ಮೇಲೆ ಲಾರಿಗೆ ಏರಿದ್ದು ಮಾತ್ರ ನಾನು. ಕರಿಕಲ್ಲನ್ನೇ ಕಳಿಸಿ ಎಂದು ಹಿಂದಿನ ದಿನ ಪ್ರಸಾದರು ಗುರುಪಾದರಿಗೆ ಫೋನ್ ಮಾಡಿದ್ದರು. ಮನೆಯ ಮುಂದೆ ದಾಕ್ಷಾಯಿಣಿ ಕಾದಿದ್ದಳು. ಲಾರಿ ಹತ್ತಿ ನನ್ನನ್ನು ನೋಡಿ, “ಇಳಿಸ್ಬೇಡಿ” ಎಂದಳು.

“ಬೀದಿಯೋರೆಲ್ಲ ನೋಡ್ತಿದಾರೆ, ಒಳಗೆ ಬಾ” ಎಂದರು ಪ್ರಸಾದರು.

“ನೋಡ್ಲಿ ಬಿಡಿ. ನನ್ನ ಕಲ್ಲು ಬರೋವರೆಗೂ ನಾನು ಒಳಗೆ ಬರಲ್ಲ.”

ಕೆಳಗಿಳಿದು ಮನೆಯ ಮುಂದಿನ ಸಿಮೆಂಟು ಮೂಟೆಗಳ ಮೇಲೆ ಕುಳಿತೇಬಿಟ್ಟಳು. ಲಾರಿ ಹಿಂದಕ್ಕೆ ಹೊರಟಿತು. ದಾರಿಯಲ್ಲಿ ಒಂದು ಹಳ್ಳಕ್ಕೆ ಚಕ್ರ ಬಿದ್ದು ನಾನು ಎರಡು ಹೋಳಾದೆ.

ಈಗ ಮುದುಕನಾಗಿದ್ದೇನೆ. ನನ್ನ ಒಂದು ಹೋಳು ಎಲ್ಲಿದೆಯೋ ಗೊತ್ತಿಲ್ಲ. ಇನ್ನೊಂದು ಹೋಳಾದ ನಾನು ಒಂದು ಟೀ ಅಂಗಡಿಯ ಗಲ್ಲಾದ ಪಕ್ಕ ಲೋಟಗಳನ್ನು ಹೊತ್ತಿದ್ದೇನೆ. ಯಾವ ತಪ್ಪೂ ಇಲ್ಲದೆ ತಿರಸ್ಕೃತನಾದೆನೆಂಬ ನೋವು ಬಹಳ ಕಾಲ ಇತ್ತು. ಮೊನ್ನೆ ಆ ಮನೆ ಕಟ್ಟಿದ ಮೇಸ್ತ್ರಿ ಪುಟ್ಟಮಾದಯ್ಯ ಟೀ ಕುಡಿಯಲು ಬಂದು ಅಂಗಡಿಯವನಿಗೆ ಹೇಳುತ್ತಿದ್ದ:

“ಕಲ್ಲಿಗೋಸ್ಕರ ಲಾರಿ ವಾಪಸ್ ಕಳಿಸ್ದೋರು ಇದ್ರಲ್ಲಪ್ಪ, ಆಯಮ್ಮ ಕಟ್ಟೆ ಎರಡಿಂಚು ತಗ್ಗಿಸು ಅಂದ್ರು. ಎಲ್ಲಾ ಮನೇಲೂ ಇಷ್ಟೇ ಎತ್ತರ ಕಣವ್ವ ಅಂದೆ. ‘ಎಲ್ಲಾ ಮನೇಲೂ ನಾನು ನಿಂತ್ಕೊಳಲ್ಲ ಮೇಸ್ತ್ರಿ’ ಅಂದ್ರು. ಹಳೇ ಮನೇಲಿ ಇಪ್ಪತ್ತು ವರ್ಷ ಮಣೆ ಮೇಲೆ ನಿಂತು ರೊಟ್ಟಿ ತಟ್ಟಿದ್ರಂತೆ.”

ಅಂದಿನಿಂದ ಆ ನೋವಿಲ್ಲ. ಆ ಮನೆಗೆ ನಾನು ಹೋಗಿದ್ದರೆ, ಎರಡಿಂಚು ಎತ್ತರದಲ್ಲೇ ಕೂರುತ್ತಿದ್ದೆ; ಅವಳು ಮತ್ತೆ ಮಣೆ ಹತ್ತುತ್ತಿದ್ದಳು.