ಕೊನೆಗೆ ಬರೆದವರ ಹಾಸಿಗೆ

ಆಸ್ಪತ್ರೆಗಳ ಖಾಲಿ ಹಾಸಿಗೆ ತೋರಿಸುವ ಆ ಆಪ್‌ಗೆ ಹೈದರಾಬಾದಿನಲ್ಲೊಂದು, ಮುಂಬಯಿಯಲ್ಲೊಂದು ಸರ್ವರ್. ಬುಕಿಂಗ್ ಯಾವುದಕ್ಕಾದರೂ ಹೋಗಬಹುದು. ಒಂದೇ ಹಾಸಿಗೆಯನ್ನು ಎರಡೂ ಕಡೆಯಿಂದ ಇಬ್ಬರು ಹಿಡಿದರೆ, ಕೊನೆಗೆ ಬರೆದವರದು ಉಳಿಯಬೇಕು, ಮೊದಲಿನದು ಅಳಿಯಬೇಕು. ನಿಯಮ ಆ ಆಪ್ ಕಟ್ಟಿದ ಮಧುರಾಳದು. “ಎರಡನ್ನೂ ತಡೆದು ಆಸ್ಪತ್ರೆಯವರನ್ನು ಕೇಳೋಣ” ಎಂದು ಜೊತೆಗಾರ ಅರವಿಂದ್ ಗೋಗರೆದಿದ್ದ. ಅಷ್ಟು ಹೊತ್ತು ಯಾರು ಕಾಯುತ್ತಾರೆಂದು ಇವಳು ನಕ್ಕಿದ್ದಳು. ಹೈದರಾಬಾದಿನ ಕೊಂಡಾಪುರದ ಆಫೀಸಿನಲ್ಲಿ ಚಪ್ಪಾಳೆಯೂ ಬಿದ್ದಿತ್ತು, ಬೀಳದೆ ಏನು!

ಆ ಮಧ್ಯಾಹ್ನ ಅವಳ ಅಪ್ಪ ರಾಮದಾಸರಿಗೆ ಉಸಿರು ಕಟ್ಟಿ ತುಟಿ ನೀಲಿಗಟ್ಟಿತು. ಹತ್ತಿರದಲ್ಲಿ ವೆಂಟಿಲೇಟರ್ ಇದ್ದ ಹಾಸಿಗೆ ಒಂದೇ. ಬುಕ್ ಮಾಡಿದಳು. ‘ಸಿಕ್ಕಿದೆ’ ಎಂದು ಬಂತು. ಆಂಬುಲೆನ್ಸ್ ಹತ್ತುವಷ್ಟರಲ್ಲಿ ‘ರದ್ದಾಗಿದೆ’ ಎಂದೂ ಬಂತು. ಇನ್ನೊಂದು ಸರ್ವರಿನಲ್ಲಿ ಯಾರೋ ಅವಳಿಗಿಂತ ತುಸು ತಡವಾಗಿ ಬರೆದಿದ್ದರು.

ಬೇರೆಯವರಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಇವಳು ಲ್ಯಾಪ್‌ಟಾಪ್ ತೆರೆದು, ಆಫೀಸಿನ ಪಾಸ್‌ವರ್ಡ್ ಕೊಟ್ಟು, ಅಲ್ಲಿದ್ದ ‘ಸಂಗಣ್ಣ’ ಎಂಬ ಹೆಸರಿನ ಮೇಲೆ ಅಪ್ಪನ ಹೆಸರು ಬರೆದಳು. ಈಗ ಕೊನೆಗೆ ಬರೆದವಳು ಅವಳೇ. ಅಪ್ಪ ಬದುಕಬೇಕಿತ್ತು, ಅಷ್ಟೇ.

ಆಸ್ಪತ್ರೆಯ ಬಾಗಿಲಲ್ಲಿ ಆಟೋವೊಂದು ನಿಂತಿತ್ತು. ಒಳಗೆ ಅಂಗಿಗೆಲ್ಲ ಸಿಮೆಂಟು ಮೆತ್ತಿಕೊಂಡ ಗಂಡಸೊಬ್ಬ ಏದುಸಿರು ಬಿಡುತ್ತಿದ್ದ. ಅವನ ಹೆಂಡತಿ ಬಂಡೆಮ್ಮ ಕಾವಲುಗಾರನಿಗೆ ಫೋನು ತೋರಿಸುತ್ತಿದ್ದಳು. ಅವನು ತೆಲುಗಿನಲ್ಲಿ ಗದರುತ್ತಿದ್ದ. ಮಧುರಾ “ಬಂದ್ವಿ ಅಪ್ಪಾ” ಎಂದ ಕನ್ನಡ ಕಿವಿಗೆ ಬಿದ್ದದ್ದೇ ತಡ, ಬಂಡೆಮ್ಮ ಓಡಿ ಬಂದಳು.

“ಅಕ್ಕಾರ, ಇದನ್ನ ಸ್ವಲ್ಪ ಓದ್ರಿ. ನಮ್ಮ ಮನಿಯವ್ರಿಗೆ ಬೆಡ್ ಐತಿ ಅಂತ ಮೇಸ್ತ್ರಿ ಹೇಳ್ಯಾನ್ರಿ. ಇವ ಇಲ್ಲ ಅನ್ನಾಕತ್ತಾನ.”

ಫೋನಿನಲ್ಲಿ ಅವೇ ಎರಡು ಸಂದೇಶ. ಮಧುರಾ ಫೋನು ಹಿಂದಕ್ಕೆ ಕೊಟ್ಟಳು. “ಇತ್ತು... ಈಗ ಬೇರೆಯವ್ರಿಗೆ ಹೋಗೈತಿ.”

“ಯಾರಿಗಂತ ಬರದೈತೇನ್ರಿ? ಅವರ ಕಾಲ ಹಿಡೀತೀನಿ.”

“ಹೆಸರಿಲ್ಲ.”

ಸ್ಟ್ರೆಚರಿನ ಮೇಲಿಂದ ರಾಮದಾಸರು ಮಗಳ ಕೈ ಎಳೆದರು. ಉಸಿರು ಕೂಡಿಸಿಕೊಂಡು ಅಂದರು: “ನೀ ಮಾಡಿದ್ದ ಆಪ್ ಅಲ್ಲೇನವ್ವಾ? ಅವರಿಗೂ ಒಂದು ನೋಡು.”

ಬಂಡೆಮ್ಮನ ಮುಖ ಅರಳಿತು. “ನೀವಾ ಮಾಡೀರಿ? ಹಂಗಾದ್ರ ಇನ್ನೊಮ್ಮೆ ಬರೀರಿ, ಅಕ್ಕಾರ!”

ಬರೆಯಬಹುದಿತ್ತು. ಲ್ಯಾಪ್‌ಟಾಪ್ ಹೆಗಲಲ್ಲೇ ಇತ್ತು. ಮಧುರಾ ಸ್ಟ್ರೆಚರನ್ನು ಒಳಕ್ಕೆ ತಳ್ಳಿದಳು.

ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಹೊರಗಿನಿಂದ ಚೀರಾಟ ಕೇಳಿಸಿತು. ಗಂಡನ ಹೆಸರನ್ನು ಬಾಯಲ್ಲಿ ಆಡದ ಆ ಹೆಂಗಸು, ಆಟೋದೊಳಗೆ ಬಾಗಿ, “ಸಂಗಣ್ಣಾ, ಏಳೋ ಸಂಗಣ್ಣಾ” ಎಂದು ಕೂಗುತ್ತಿದ್ದಳು.