ಲಿಫ್ಟ್ ಇನ್‌ಸ್ಪೆಕ್ಟರಮ್ಮನ ತಪಾಸಣೆ

ಲಿಫ್ಟ್ ಇನ್‌ಸ್ಪೆಕ್ಟರಮ್ಮ ಬಂದಳೆಂದರೆ ಕಟ್ಟಡದ ಮಾಲೀಕರ ಎದೆ ಢವಢವ ಎನ್ನುತ್ತಿತ್ತು. ಚೆನ್ನಾಗೇ ಓಡುತ್ತಿದೆಯಲ್ಲ ಮೇಡಂ ಎಂದು ಯಾರಾದರೂ ರಾಗ ಎಳೆದರೆ ಮುಗಿಯಿತು; ಉಕ್ಕಿನ ಹಗ್ಗ ಕಿತ್ತುಬರುವ ಮುಂಚೆ ನೋಡುವುದಕ್ಕೇ ತಪಾಸಣೆ ಎನ್ನುವುದು ಎಂದು ಬೆವರಿಳಿಸುತ್ತಿದ್ದಳು. ಇಂಥವಳು ಐವತ್ತೆರಡು ದಾಟಿದರೂ ಒಮ್ಮೆಯೂ ಮ್ಯಾಮೊಗ್ರಾಮ್ ಎಂಬ ಸ್ತನದ ಎಕ್ಸ್‌ರೇ ಮಾಡಿಸಿರಲಿಲ್ಲ. ಗಂಟಿಲ್ಲ, ನೋವಿಲ್ಲ, ಇಲ್ಲದ ಉಸಾಬರಿ ಏಕೆ ಎಂಬುದು ಅವಳ ವಾದ.

ಅವಳ ಸೋದರತ್ತೆಗೆ ನಲವತ್ತರಲ್ಲೇ ಸ್ತನ ಕ್ಯಾನ್ಸರ್ ಆಗಿತ್ತು. ಬೇಗ ಗೊತ್ತಾದ್ದರಿಂದ ಗುಣವಾಗಿ, ಈಗ ಎಪ್ಪತ್ತೆಂಟರಲ್ಲಿ ಊರವರೆಲ್ಲರ ತಲೆ ತಿನ್ನುವಷ್ಟು ಗಟ್ಟಿಯಾಗಿದ್ದಳು. ಅದು ಅಪ್ಪನ ಕಡೆಯದು, ನನಗೇನೂ ಆಗದು ಎನ್ನುತ್ತಿದ್ದಳು ಇನ್‌ಸ್ಪೆಕ್ಟರಮ್ಮ. ಹೇಳಿ ಹೇಳಿ ಬಾಯಿ ನೋಯಿಸಿಕೊಂಡ ಅತ್ತೆ ಕೊನೆಗೊಂದು ಉಪಾಯ ಹೂಡಿದಳು. ತಾನು ಹೋಗುವ ಕ್ಲಿನಿಕ್ಕಿನ ಲಿಫ್ಟು ಮೂರನೆಯ ಮಹಡಿಯಲ್ಲಿ ನರಳುತ್ತದೆ, ಒಂದು ಸಲ ಬಂದು ನೋಡು ಎಂದಳು.

ಲಿಫ್ಟು ನರಳಲಿಲ್ಲ. ಬಾಗಿಲು ತೆರೆದರೆ ಎದುರಿಗೆ ನರ್ಸ್; ಕೈಯಲ್ಲಿ ಇನ್‌ಸ್ಪೆಕ್ಟರಮ್ಮನ ಹೆಸರಿನ ಚೀಟಿ. ಅತ್ತೆ ಏನೂ ಅರಿಯದವಳಂತೆ ಗೋಡೆಯ ಗಡಿಯಾರ ನೋಡತೊಡಗಿದಳು.

"ಲಿಫ್ಟ್ ಚೆನ್ನಾಗೇ ಇದೆಯಲ್ಲ ಅತ್ತೆ?"

"ಅದು ಚೆನ್ನಾಗಿದೆ. ನೀನು ಚೆನ್ನಾಗಿದೀಯ ಅಂತ ಯಾರು ನೋಡಿದಾರೆ?"

ಒಳಗೆ ಹೋದ ಇನ್‌ಸ್ಪೆಕ್ಟರಮ್ಮ ಎಕ್ಸ್‌ರೇ ಯಂತ್ರದ ಸುತ್ತ ಒಂದು ಸುತ್ತು ಬಂದು, ಕೊನೆಯ ಸರ್ವಿಸ್ ಯಾವಾಗ ಆಯಿತು, ಕರೆಂಟು ಹೋದರೆ ಎದೆಯನ್ನು ಒತ್ತಿಹಿಡಿಯುವ ತಟ್ಟೆಗಳು ತಾವಾಗಿ ಬಿಡುತ್ತವೆಯೇ ಎಂದೆಲ್ಲ ವಿಚಾರಿಸಿದಳು. ಟೆಕ್ನಿಷಿಯನ್ ತಾಳ್ಮೆಯಿಂದ ಉತ್ತರಿಸಿ, ಉಸಿರು ಹಿಡಿಯಿರಿ ಎಂದಳು. ತಟ್ಟೆಗಳು ಒತ್ತಿದಾಗ ಒಳ್ಳೆಯದೊಂದು ಬೈಗುಳ ನಾಲಗೆಯ ತುದಿಗೆ ಬಂತು. ಉಸಿರು ಹಿಡಿದಿದ್ದರಿಂದ ಅಲ್ಲೇ ಉಳಿಯಿತು.

ನಾಲ್ಕನೆಯ ದಿನ ಕ್ಲಿನಿಕ್ಕಿನಿಂದ ಫೋನು: ಎಡಗಡೆಯದು ಇನ್ನೊಂದು ಚಿತ್ರ ಬೇಕು. ಅವತ್ತು ಅವಳು ಯಾರನ್ನೂ ಗದರಿಸಲಿಲ್ಲ. ಆ ಮೌನಕ್ಕೆ ಹೆದರಿದ ಮಾಲೀಕನೊಬ್ಬ ತನ್ನ ಲಿಫ್ಟಿನ ತಪ್ಪುಗಳನ್ನೆಲ್ಲ ತಾನೇ ಒಪ್ಪಿಕೊಂಡ. ಎರಡನೆಯ ಪರೀಕ್ಷೆಗೆ ಕಾಯುವಾಗ ಅತ್ತೆ ಅವಳ ಕೈ ಹಿಡಿದು ಕೂತಿದ್ದಳು.

ಬರೀ ನೀರಿನ ಗುಳ್ಳೆ, ಏನೂ ಮಾಡಬೇಕಿಲ್ಲ ಎಂದರು ಡಾಕ್ಟರು. ಆದರೆ ಈ ಕಾಯಿಲೆಯಲ್ಲಿ ಅಪ್ಪನ ಕಡೆಯೂ ಅಮ್ಮನ ಕಡೆಯಷ್ಟೇ ಲೆಕ್ಕಕ್ಕೆ ಬರುತ್ತದಂತೆ. ಅತ್ತೆಗೆ ಚಿಕ್ಕ ವಯಸ್ಸಿನಲ್ಲೇ ಬಂದದ್ದರಿಂದ ವಂಶವಾಹಿ ತಜ್ಞರನ್ನು ಕಾಣಬೇಕು, ಪರೀಕ್ಷೆ ತಪ್ಪಿಸಬಾರದು, ತೂಕ ಇಳಿಸಬೇಕು, ದಿನಾ ನಡೆಯಬೇಕು, ಮದ್ಯ ಬಿಡಬೇಕು. ಅಪಾಯ ಸೊನ್ನೆಯಾಗುವುದಿಲ್ಲ, ಕಡಿಮೆಯಾಗುತ್ತದೆ.

ಮರುದಿನ ಬೆಳಗ್ಗೆ ಆರಕ್ಕೆ ಅತ್ತೆ ಬಾಗಿಲು ಬಡಿದಳು. ಎರಡು ಬೀದಿ ದಾಟುವಷ್ಟರಲ್ಲಿ ಇನ್‌ಸ್ಪೆಕ್ಟರಮ್ಮ ಏದುಸಿರು ಬಿಡುತ್ತ ಬೆಂಚಿನ ಮೇಲೆ ಕುಕ್ಕರಿಸಿದಳು. ಅತ್ತೆ ಹಿಂತಿರುಗಿ ನೋಡಲೂ ಇಲ್ಲ. ತನ್ನ ಪಾಡಿಗೆ ಮಾತಾಡಿಕೊಳ್ಳುತ್ತ ಮುಂದಿನ ತಿರುವು ದಾಟಿಬಿಟ್ಟಿದ್ದಳು.