ಕಲ್ಲಂಗಡಿ ಗಾಡಿಯ ಮುಂದೆ

“ಎತ್ತು ಉಚ್ಚೆ ಹೊಯ್ದಂಗೈತಲ್ರೋ ಹಳಿ, ಬೋಳಿಮಕ್ಳ. ಇದ್ರ ಮ್ಯಾಲೆ ಇಂಜಿನ್ ಹತ್ತಿ ಮಗುಚಿಕೊಂಡ್ರೆ ನಿಮ್ಮಪ್ಪ ಬಂದು ಎತ್ತಾನಾ? ಹಾರೆ ಹಾಕ್ರೋ.”

ಕ್ಯಾಪ್ಟನ್ ರಾಲಿ ಹಳಿಯ ಮೇಲೆ ಟೋಪಿ ಹಾಸಿ, ಅದರ ಮೇಲೆ ಕೆನ್ನೆಯಿಟ್ಟು ಬೋರಲು ಮಲಗಿದ್ದ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಹಳಿಯ ಸೊಟ್ಟ ನೋಡುವುದು ಅವನ ಕೆಲಸ, ಮಲಗಿದಲ್ಲಿಂದಲೇ ಬಯ್ಯುವುದು ಅವನ ಹವ್ಯಾಸ. ಅವನೇನೂ ದಂಡಿನ ಮುಖ ಕಂಡವನಲ್ಲ. ಕರಿಯರ ಗ್ಯಾಂಗಿಗೆ ಮೇಸ್ತ್ರಿಯಾದ ಬಿಳಿಯನಿಗೆ ಜಾರ್ಜಿಯಾದ ಬಿಸಿಲಿನಲ್ಲಿ ಕ್ಯಾಪ್ಟನ್ ಎಂಬ ಹೆಸರು ಬೆವರಿನ ಹಾಗೆ ತಾನಾಗಿ ಹತ್ತಿಕೊಳ್ಳುತ್ತದೆ. ಹಳಿ ನೇರ ಮಾಡಲು ಆರು ಜನ, ಅವರನ್ನು ಹಳಿಯಲು ಒಬ್ಬ.

ಜುಲೈ ತಿಂಗಳ ಕಾವಿಗೆ ಕಬ್ಬಿಣ ಉಬ್ಬಿ, ಎಲ್ಲಿಗೂ ಹೋಗಲು ಜಾಗವಿಲ್ಲದೆ ಪಕ್ಕಕ್ಕೆ ಹೊರಳಿಕೊಂಡಿತ್ತು. ಹಿಂದೆ, ಕೂಗಳತೆಯಲ್ಲಿ, ಕಂಪನಿಗೆ ಇದ್ದೊಂದು ಇಂಜಿನ್ನು ಕಲ್ಲಂಗಡಿ ತುಂಬಿದ ಡಬ್ಬಿಗಳನ್ನು ಎಳೆದುಕೊಂಡು ಬಂದು ಏದುಸಿರು ಬಿಡುತ್ತ ನಿಂತಿತ್ತು. ಡಬ್ಬಿಗಳೊಳಗೆ ಒಣಹುಲ್ಲಿನ ಮೆತ್ತೆ. ಹಣ್ಣಿಗೆ ಪೆಟ್ಟಾಗಬಾರದು.

ಸೀಫಸ್ ಅಂಗೈಗೆ ಉಗುಳಿಕೊಂಡು, ಹಾರೆಯನ್ನು ಹಳಿಯಡಿ ತೂರಿಸಿ ದನಿ ತೆಗೆದ.

“ಕೋಳಿಸಾರು ಕ್ಯಾಪ್ಟನ್‌ಗೆ…”

“ಐಸಾ.”

“ಕೋಳಿಕೂಗು ನಮ್ ಪಾಲ್ಗೆ…”

“ಐಸಾ.”

ಒಂದೊಂದು ಐಸಾಕ್ಕೂ ಆರು ಹಾರೆಗಳು ಒಟ್ಟಿಗೆ ಮೀಟುತ್ತಿದ್ದವು, ಹಳಿ ಒಂಚೂರು ಜರುಗುತ್ತಿತ್ತು. ಕೂಗಿಲ್ಲದಿದ್ದರೆ ಆರು ಜನ ಆರು ದಿಕ್ಕು, ಹಳಿ ಇದ್ದಲ್ಲೇ. ಹಾಗಾಗಿ ಕೂಗಿನೊಳಗೆ ಸೀಫಸ್ ಏನು ಬೆರೆಸಿದರೂ ಕ್ಯಾಪ್ಟನ್ ಕಿವುಡನಾಗುತ್ತಿದ್ದ. ಸೀಫಸ್‌ನ ಗಂಟಲಲ್ಲಿ ಊರೇ ಇತ್ತು. ಕ್ಯಾಪ್ಟನ್‌ನ ಗೊಗ್ಗರು ದನಿ, ಪಾದ್ರಿಯ ರಾಗ, ಇಂಜಿನ್ನಿನ ಸೀಟಿ, ಮ್ಯಾನೇಜರ್ ಪ್ರೆಸ್ಕಾಟ್‌ನ ಇಸ್ತ್ರಿ ಹಾಕಿದ ಮಾತು. ಶನಿವಾರ ಸಂಜೆ ಕ್ಯಾಪ್ಟನ್ನೇ ಕರೆದು, “ಆ ಅಳಿಯದೇವ್ರ ಥರ ಮಾತಾಡ್ಲಾ ಒಸಿ” ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಗುವುದಿತ್ತು. ಕಂಪನಿ ಮಾಲೀಕನ ಮಗಳನ್ನು ಕಟ್ಟಿಕೊಂಡು ಮ್ಯಾನೇಜರಾದವನು ಪ್ರೆಸ್ಕಾಟ್.

ಕಂಪನಿಯ ಹೆಸರು ಎಲ್ಡೋರಾ ಅಂಡ್ ಗಲ್ಫ್. ಹೆಸರು ಸಮುದ್ರದವರೆಗೆ, ಹಳಿ ಜೌಗು ದಾಟುವವರೆಗೆ. ಎಲ್ಡೋರಾದ ಪೈನ್ ಕಾಡು ಕಡಿದು ಹೊರಸಾಗಿಸಲು ಹಾಕಿದ ದಾರಿ ಅದು. ಹಾಕಿದವರು ಬಾಡಿಗೆಗೆ ತಂದ ಜೈಲಿನ ಕೈದಿಗಳು, ಅವರಲ್ಲಿ ಸೀಫಸ್‌ನ ತಾತನೂ ಒಬ್ಬ. ಯಾರದೋ ಹಂದಿ ಕದ್ದನೆಂದು ಹಿಡಿದು ಕಾಲಿಗೆ ಸರಪಳಿ ಹಾಕಿದ್ದರು. ಜ್ವರ ಬಂದು ಸತ್ತವರನ್ನು ಸತ್ತಲ್ಲೇ ಏರಿಯ ಮಣ್ಣಿಗೆ ಸೇರಿಸಿ, ಮೇಲೆ ಸ್ಲೀಪರು ಹಾಸಿ ಮುಂದಕ್ಕೆ ಹೋದರಂತೆ. ಆಮೇಲೆ ಕಾಡು ಮುಗಿಯಿತು, ಗರಗಸದ ಗಿರಣಿ ಮುಚ್ಚಿತು. ಪ್ರೆಸ್ಕಾಟ್ ಬಂದವನೇ ಜನ ಕೂರುವ ಡಬ್ಬಿಯನ್ನು ಮಾರಿದ. ಗಾಡಿ ಪಕ್ಕಕ್ಕೆ ಸರಿಸಿ ನಿಲ್ಲಿಸುವ ಅಡ್ಡಹಳಿಗಳನ್ನು ಕಿತ್ತು ಗುಜರಿಗೆ ಹಾಕಿದ. ಉಳಿದದ್ದು ಒಂಟಿ ಹಳಿದಾರಿ, ಒಂದು ಇಂಜಿನ್ನು, ಟರ್ಪೆಂಟೈನ್ ಪೀಪಾಯಿ, ಬೇಸಿಗೆಗೆ ಕಲ್ಲಂಗಡಿ. ಹಣ್ಣು ಸಂಜೆಯೊಳಗೆ ಬ್ಯಾಕ್ಸ್‌ಟನ್ ಜಂಕ್ಷನ್ ಸೇರಿ ದೊಡ್ಡ ಕಂಪನಿಯ ಗಾಡಿಗೆ ತಗಲಿಕೊಳ್ಳಬೇಕು, ಇಲ್ಲವಾದರೆ ಕೊಳೆಯಬೇಕು.

ಇಂಜಿನ್ನಿನಿಂದ ಪ್ರೆಸ್ಕಾಟ್ ಇಳಿದು ಬಂದ.

“ಇನ್ನೂ ಎಷ್ಟು ಹೊತ್ತು, ರಾಲಿ?”

“ಹಳಿ ಹಳಿ ಸೇರೋ ಈ ಒಂದು ಗೆಣ್ಣು ಜಾಕು ಕೊಟ್ಟು ಎತ್ತಬೇಕು ಸಾರ್. ಜಾಕಿನಡಿ ಹಲಗೆ ಹಾಕೋದೊಂದೇ…”

“ಹಲಗೆಗೆಲ್ಲ ಸಮಯವಿಲ್ಲ. ಹಾಗೆಯೇ ಎತ್ತಿಸು.”

“ಮಣ್ಣು ಸಡಿಲ ಐತೆ ಬುದ್ದಿ,” ಎಂದ ಮುದುಕ ಹೆಜಕಾಯ. ಗ್ಯಾಂಗಿಗೆಲ್ಲ ಹಿರಿಯ.

“ನಿನ್ನ ಕೇಳಿದ್ನೇನ್ಲಾ ಮುದಿಗೂಬೆ?” ಎಂದ ಕ್ಯಾಪ್ಟನ್. “ಎತ್ತು.”

ಎತ್ತಿದರು. ಸೀಫಸ್‌ನ ತಮ್ಮ ಓಡೆಲ್ ಸ್ಲೀಪರಿನಡಿ ಜಲ್ಲಿ ತುಂಬಲು ಕಾಲು ಚಾಚಿ ಕುಳಿತಿದ್ದ. ಜಾಕು ಮಣ್ಣಿನಲ್ಲಿ ಕುಸಿದು, ಓರೆಯಾಗಿ, ಹಲ್ಲು ಕಿತ್ತ ಹಾಗೆ ಸಿಡಿಯಿತು. ಹಳಿ ಓಡೆಲ್‌ನ ತೊಡೆಯ ಮೇಲೆ ಕೂತಿತು.

ಅವನು ಕಿರುಚಲಿಲ್ಲ. “ಅಣ್ಣ,” ಎಂದ, ಏನೋ ಮರೆತದ್ದನ್ನು ನೆನಪಿಸಿಕೊಂಡವನ ಹಾಗೆ.

ಹಾರೆ ಕೊಟ್ಟು ಹಳಿ ಎತ್ತಿ ಎಳೆದುಕೊಂಡರು. ಮೊಣಕಾಲಿನ ಮೇಲೆ ಕಾಲು ಎಲ್ಲಿ ಬಾಗಬಾರದೋ ಅಲ್ಲಿ ಬಾಗಿತ್ತು. ಸೀಫಸ್ ಅಂಗಿ ಹರಿದು ತೊಡೆಯ ಬುಡಕ್ಕೆ ಬಿಗಿದ. ಬಟ್ಟೆ ಬಿಗಿದಷ್ಟೂ ಜಲ್ಲಿಕಲ್ಲು ಕೆಂಪಾಗುತ್ತಲೇ ಇತ್ತು. ಡಾಕ್ಟರು ಇದ್ದದ್ದು ಬ್ಯಾಕ್ಸ್‌ಟನ್‌ನಲ್ಲಿ. ಎರಡು ಕಡೆಯೂ ಜೌಗು, ಈ ಹಳಿ ಬಿಟ್ಟರೆ ಬೇರೆ ದಾರಿಯಿಲ್ಲ. ಅವ್ವ ಸತ್ತಾಗ ಓಡೆಲ್‌ಗೆ ಇನ್ನೂ ಹಲ್ಲು ಬಂದಿರಲಿಲ್ಲ. ಜೋಳದ ಗಂಜಿ ಕುಡಿಸಿ, ಬೆನ್ನಿಗೆ ಕಟ್ಟಿಕೊಂಡೇ ಕೆಲಸಕ್ಕೆ ಹೋಗಿ ಸಾಕಿದವನು ಸೀಫಸ್.

“ಬುದ್ದಿ,” ಎಂದು ಅವನು ಪ್ರೆಸ್ಕಾಟ್‌ನ ಎದುರು ನಿಂತ. “ನಿಮ್ ಗಾಡೀಲಿ ಕೊನೇ ಡಬ್ಬಿಗೆ ಹಾಕ್ಕೊಳಿ. ಗಾರ್ಡ್ ಡಬ್ಬೀಲಿ ನೆಲದ ಮ್ಯಾಲೆ ಬಿದ್ದಿರ್ತಾನೆ.”

“ಹಳಿ ನೇರವಾಗದೆ ಗಾಡಿಯೇ ಹೋಗುವುದಿಲ್ಲವಲ್ಲ. ಮೊದಲು ಕೂಗು.”

“ಕೂಗ್ತೀನಿ. ನೀವೊಂದು ಮಾತು ಹೇಳಿ.”

“ಲೇ,” ಎಂದು ಕ್ಯಾಪ್ಟನ್ ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟ. “ಷರತ್ತು ಹಾಕ್ತೀಯೇನ್ಲಾ ಸೂಳೆಮಗನೆ?”

ಸೀಫಸ್ ಬಾಯಿ ಬಿಡಲಿಲ್ಲ. ಕ್ಯಾಪ್ಟನ್ ತಾನೇ ಕೂಗಿದ. “ಹೂಂ, ಐಸಾ. ಮೀಟ್ರೋ, ಐಸಾ.” ಹಾರೆಗಳು ಒಂದಾದ ಮೇಲೊಂದು ಕಟಕಟ ಎಂದವು, ಅಷ್ಟೇ. ಹಳಿ ಕ್ಯಾಪ್ಟನ್‌ನನ್ನು ಸುಮ್ಮನೆ ನೋಡುತ್ತ ಬಿದ್ದಿತ್ತು. ಗ್ಯಾಂಗಿನ ದೊಡ್ಡಾಳು ರಾಸ್ಕೋ ಮುಖ ತಗ್ಗಿಸಿ, “ನಿಮ್ ರಾಗ ನಮ್ ಕೈಗೆ ಹತ್ತಾಕಿಲ್ಲ ಕ್ಯಾಪ್ಟನ್ರೆ” ಎಂದ.

ಪ್ರೆಸ್ಕಾಟ್ ಗಡಿಯಾರ ತೆಗೆದು ನೋಡಿ ಒಳಗಿಟ್ಟ. ಏನೋ ಹೊಳೆದವನಂತೆ ನಕ್ಕ.

“ನೀನು ನನ್ನಂತೆ ಮಾತನಾಡುತ್ತೀಯಂತೆ. ಎಲ್ಲರೂ ಕೇಳಿದ್ದಾರೆ, ನಾನೊಬ್ಬ ಕೇಳಿಲ್ಲ. ಮಾಡಿ ತೋರಿಸು, ನೋಡೋಣ.”

ಕ್ಯಾಪ್ಟನ್‌ನ ಮುಖ ಬಿಳಿಚಿತು. ಸೀಫಸ್ ತಮ್ಮನ ಕಡೆ ನೋಡಿದ. ಓಡೆಲ್‌ನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

“ಈಗ ಬ್ಯಾಡ ಬುದ್ದಿ.”

“ಈಗಲೇ. ನೆಟ್ಟಗೆ ನಿಲ್ಲು. ನಾನು ಬೆನ್ನು ಬಗ್ಗಿಸಿ ನಿಲ್ಲುತ್ತೇನೆಯೇ?”

ಸೀಫಸ್ ನೆಟ್ಟಗೆ ನಿಂತ. ರಕ್ತ ಮೆತ್ತಿದ ಹೆಬ್ಬೆರಳುಗಳನ್ನು ಇಲ್ಲದ ಕೋಟಿನ ಜೇಬಿಗೆ ಸಿಕ್ಕಿಸಿದ. ಗದ್ದ ಎತ್ತಿ, ಮೂಗಿನ ತುದಿಯಿಂದ ಲೋಕ ನೋಡಿದ. ದನಿ ಹೊರಟಾಗ ಇಂಜಿನ್ನಿನ ಕಿಟಕಿಯಲ್ಲಿ ಮೊಣಕೈ ಊರಿದ್ದ ಡ್ರೈವರ್ ಡಫಿ ಕೂಡ ಗಕ್ಕನೆ ಕತ್ತು ಹೊರಹಾಕಿದ.

“ಯಾರಲ್ಲಿ, ಈ ಹುಡುಗನನ್ನು ಗಾರ್ಡ್ ಡಬ್ಬಿಯಲ್ಲಿ ಮಲಗಿಸಿ. ಬ್ಯಾಕ್ಸ್‌ಟನ್‌ನಲ್ಲಿ ನೇರವಾಗಿ ಡಾಕ್ಟರ ಮನೆಗೆ ಒಯ್ಯಿರಿ. ಹೇಳುತ್ತಿರುವವನು ಪ್ರೆಸ್ಕಾಟ್.”

ಡಫಿ ನಕ್ಕುಬಿಟ್ಟ. ಹಿಂದಿನ ಡಬ್ಬಿಯ ಗಾರ್ಡನೂ ನಕ್ಕ. ಪ್ರೆಸ್ಕಾಟ್ ಎಲ್ಲರಿಗಿಂತ ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದ.

“ನನ್ನ ಹೆಂಡತಿಯೂ ಮೋಸಹೋದಾಳು. ಆಗಲಿ, ಆಗಲಿ. ಈಗ ಹಳಿ ಸರಿಮಾಡಿ.”

ಓಡೆಲ್‌ನನ್ನು ಪೊದೆಯ ನೆರಳಿಗೆ ಸರಿಸಿ ಸೀಫಸ್ ಕೂಗಿದ. ಈ ಸಲ ಕೋಳಿಯೂ ಇಲ್ಲ, ಕ್ಯಾಪ್ಟನ್ನೂ ಇಲ್ಲ. ಪದವೇ ಇಲ್ಲದ ಬರೀ ದನಿ, ಬಾವಿಯಿಂದ ಸೇದಿದ ಹಾಗೆ. ಉಳಿದವರ ಹಾರೆಗಳು ಅದಕ್ಕೆ ಕಚ್ಚಿಕೊಂಡವು. ಕ್ಯಾಪ್ಟನ್ ಬೋರಲು ಮಲಗಿ ಕೈಬೀಸುತ್ತಿದ್ದ, ಬಯ್ಯುವುದನ್ನು ಮರೆತಿದ್ದ. ಕಬ್ಬಿಣ ನರಳುತ್ತ ಬಂದು ತನ್ನ ಜಾಗಕ್ಕೆ ಕೂತಿತು.

ಸೀಫಸ್ ಮತ್ತು ರಾಸ್ಕೋ ಓಡೆಲ್‌ನನ್ನು ಎತ್ತಿಕೊಂಡು ಗಾರ್ಡ್ ಡಬ್ಬಿಯ ಮೆಟ್ಟಿಲಿಗೆ ಹೋದರು. ಗಾರ್ಡ್ ಬಾಗಿಲಿಗೆ ಅಡ್ಡ ಕಾಲಿಟ್ಟ.

“ಎಲ್ಲಿಗೆ ತರ್ತೀರೋ? ಅಲ್ಲೇ ನಿಲ್ರಿ.”

“ಮ್ಯಾನೇಜರ್ ಬುದ್ದಿ ಹೇಳವ್ರೆ.”

ಪ್ರೆಸ್ಕಾಟ್ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಬಂದ. “ನಾನು ಯಾವಾಗ ಹೇಳಿದೆ?”

“ಆಗಲಿ ಅಂದ್ರಲ್ಲ ಬುದ್ದಿ.”

“ನಿನ್ನ ಆಟ ಚೆನ್ನಾಗಿತ್ತು, ಆಗಲಿ ಅಂದೆ. ಹುಡುಗನನ್ನು ಮಲಗಿಸಿ ಎಂದವನು ನೀನು. ಇಷ್ಟು ಜನ ಸಾಕ್ಷಿ ಇದ್ದಾರೆ.” ಗಾರ್ಡ್ ಕಿಸಕ್ಕೆಂದ. “ಇದು ಸರಕಿನ ಗಾಡಿ. ಮನುಷ್ಯರನ್ನು ಒಯ್ಯುವ ಪರವಾನಗಿಯನ್ನು ಕಂಪನಿ ಬಿಟ್ಟುಕೊಟ್ಟಿದೆ. ದಾರಿಯಲ್ಲಿ ಅವನು ಸತ್ತರೆ ಕೋರ್ಟಿಗೆ ಯಾರು ಅಲೆಯುತ್ತಾರೆ? ನೀನೋ, ನಾನೋ?”

“ಮನುಷ್ಯ ಅಂತ ಯಾಕೆ ಒಯ್ತೀರಿ. ಹಣ್ಣಿನ ಡಬ್ಬೀಲಿ ಹುಲ್ಲೈತೆ. ಒಂದ್ ಕಲ್ಲಂಗಡಿ ಅಂದ್ಕೊಂಡು ಹಾಕ್ಕೊಳಿ.”

“ರಕ್ತ ಮೆತ್ತಿದ ಹಣ್ಣನ್ನು ಯಾರು ತಿನ್ನುತ್ತಾರೆ?” ಎಂದು ಪ್ರೆಸ್ಕಾಟ್ ನಿಜವಾಗಿಯೂ ಯೋಚಿಸಿದವನಂತೆ ಕೇಳಿದ. ಆಮೇಲೆ ಇಂಜಿನ್ನಿನ ಕಡೆ ನಡೆದ. “ಡಫಿ, ಹೊರಡು.”

ಓಡೆಲ್ ಅಣ್ಣನ ತೋಳಿನಲ್ಲಿ ಕಣ್ಣು ಬಿಟ್ಟ. “ಗಾಡಿ ಹತ್ತಿದ್ವಾ ಅಣ್ಣ?”

“ಹತ್ತತಾ ಇದ್ದೀವಿ. ಮಾತಾಡ್ಬ್ಯಾಡ.”

ನೇರ ಮಾಡಿದ ಹಳಿಯ ಆಚೆ, ಏರಿಯ ಇಳಿಜಾರಿನಲ್ಲಿ ಗ್ಯಾಂಗಿನ ಟ್ರಾಲಿ ಬಿದ್ದಿತ್ತು. ನಾಲ್ಕು ಗಾಲಿಯ ಹಲಗೆ, ನಡುವೆ ಏತದ ಹಾಗೆ ಎರಡೂ ಕಡೆಯಿಂದ ಒತ್ತುವ ಹಿಡಿಕೆ. ಬೆಳಿಗ್ಗೆ ಕೆಲಸಕ್ಕೆ ಅದರಲ್ಲೇ ಬಂದು, ಗಾಡಿಗೆ ದಾರಿ ಬಿಡಲು ಎತ್ತಿ ಪಕ್ಕಕ್ಕೆ ಹಾಕಿದ್ದರು. ಸೀಫಸ್ ಅದನ್ನು ನೋಡಿದ. ರಾಸ್ಕೋ ಸೀಫಸ್‌ನನ್ನು ನೋಡಿದ. ಯಾರೂ ಕೂಗು ಹಾಕಲಿಲ್ಲ. ಆದರೂ ಎಲ್ಲರ ಕೈ ಒಂದೇ ಗಳಿಗೆಗೆ ಅದರಡಿ ಹೋಗಿ, ಟ್ರಾಲಿ ಹಳಿಯ ಮೇಲೆ ಧಡಕ್ಕೆಂದು ಕೂತಿತು. ಇಂಜಿನ್ನಿನ ಮೂತಿಯ ನೇರಕ್ಕೆ, ಅದರ ಮುಂದೆ.

“ಇಳಿಸ್ರೋ,” ಎಂದು ಕ್ಯಾಪ್ಟನ್ ಓಡಿ ಬಂದ. “ಕಂಪನಿ ಟ್ರಾಲಿ ಕಣ್ರೋ ಅದು. ಜೈಲಿಗೆ ಹೋಗ್ತೀರಿ.”

“ಟ್ರಾಲಿ ಕಂಪನೀದು, ಹಳಿ ಕಂಪನೀದು,” ಎಂದ ಹೆಜಕಾಯ, ಓಡೆಲ್‌ನ ತಲೆಯಡಿ ತನ್ನ ಟೋಪಿ ಸೇರಿಸುತ್ತ. “ಮುರಿದ ಕಾಲೊಂದು ನಮ್ದು. ಅದ್ನ ತಗಂಡೋಯ್ತೀವಿ.”

“ಗುಂಡು ಹಾರಿಸು, ರಾಲಿ,” ಎಂದು ಪ್ರೆಸ್ಕಾಟ್ ಇಂಜಿನ್ನಿನ ಮೆಟ್ಟಿಲಿನಿಂದ ಕೂಗಿದ.

ಕ್ಯಾಪ್ಟನ್ ಪಿಸ್ತೂಲು ತೆಗೆದ. ಗುಂಡು ಎಲ್ಲಿಗೋ ಹೋಗಿ ಪೈನ್ ಮರವೊಂದಕ್ಕೆ ಬಡಿಯಿತು. ಗುರಿ ತಪ್ಪಿತೋ, ತಪ್ಪಿಸಿದನೋ. ಅಷ್ಟರಲ್ಲಿ ಟ್ರಾಲಿ ಉರುಳಿತ್ತು.

ರಾಸ್ಕೋ ಮತ್ತು ಇನ್ನೊಬ್ಬ ಮುಂದಕ್ಕೆ ಮುಖ ಮಾಡಿ ಒತ್ತುತ್ತಿದ್ದರು. ಸೀಫಸ್, ಹೆಜಕಾಯ ಎದುರುಬದಿಗೆ, ಹಿಂದಕ್ಕೆ ಮುಖ. ಉಳಿದೊಬ್ಬ ಓಡೆಲ್ ಉರುಳದಂತೆ ತಬ್ಬಿ ಕೂತಿದ್ದ. ಹೋಗುವ ದಾರಿ ಸೀಫಸ್‌ಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಹಿಂದೆ ಹೊಗೆಯುಗುಳಿ ಹೊರಟ ಇಂಜಿನ್ನು ಮಾತ್ರ. ಅದು ಬೇಗನೆ ಹತ್ತಿರವಾಯಿತು, ಸೀಟಿ ಹೊಡೆಯಿತು, ಬೇರೆ ದಾರಿಯಿಲ್ಲದೆ ನಿಧಾನಿಸಿತು. ಟ್ರಾಲಿಯನ್ನು ಸರಿಸಿ ಮುಂದೆ ಹೋಗಲು ದಾರಿಯುದ್ದಕ್ಕೂ ಒಂದು ಅಡ್ಡಹಳಿ ಉಳಿದಿರಲಿಲ್ಲ.

“ಒತ್ತೋ ಅಣ್ಣ…” ಎಂದು ಸೀಫಸ್ ಕೂಗು ತೆಗೆದ.

“ಐಸಾ.”

“ಊರು ಬಂತು…”

“ಐಸಾ.”

ಪ್ರೆಸ್ಕಾಟ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿದ್ದ. ಮೊದಮೊದಲು “ನಿಲ್ಲಿಸಿ” ಎನ್ನುತ್ತಿದ್ದವನು, ಗಡಿಯಾರ ನೋಡಿಕೊಂಡ ಮೇಲೆ “ಬೇಗ, ಬೇಗ ಹೋಗಿ” ಎನ್ನತೊಡಗಿದ. ಹೆಜಕಾಯ ಬಾಯಿತುಂಬ ನಗಲು ಹೋಗಿ ಕೆಮ್ಮಿದ. ಅವನ ಮುದಿ ತೋಳು ಸೋಲುತ್ತಿತ್ತು. ಮುಂದೆ ಏರು ಬಂತು. ಟ್ರಾಲಿ ನಿಂತೇಹೋಗುವ ಹಾಗೆ ತೆವಳಿತು. ಮೊದಲೆಲ್ಲ ತುಟಿಯಲ್ಲೇ ಐಸಾ ಅನ್ನುತ್ತಿದ್ದ ಓಡೆಲ್ ಈಗ ಅನ್ನುತ್ತಿರಲಿಲ್ಲ.

“ಉಸಿರೈತಾ ನೋಡ್ಲಾ,” ಎಂದ ಹೆಜಕಾಯ.

“ಒತ್ತು ತಾತ,” ಎಂದ ಸೀಫಸ್. ಅವನು ಕೆಳಗೆ ನೋಡಲಿಲ್ಲ.

ಇಂಜಿನ್ನಿನ ಕಬ್ಬಿಣದ ಮೂತಿ ಹತ್ತಿರ ಬಂತು. ಅದರ ಬಿಸಿ ಮುಖಕ್ಕೆ ಬಡಿಯಿತು. ಕಿಟಕಿಯಲ್ಲಿ ಡಫಿ ಇದ್ದನೋ ಪ್ರೆಸ್ಕಾಟನೋ, ಗಾಜಿನ ಮೇಲೆ ಬಿದ್ದ ಬಿಸಿಲಿಗೆ ಗೊತ್ತಾಗಲಿಲ್ಲ. ಮೂತಿ ಬಂದು ಟ್ರಾಲಿಯ ಹಿಂಬದಿಗೆ ತಗುಲಿತು. ಹಿಡಿಕೆ ಸೀಫಸ್‌ನ ಕೈಯಲ್ಲಿ ಜೀವ ಬಂದ ಹಾಗೆ ತಾನೇ ಮೇಲೆದ್ದಿತು, ತಾನೇ ಇಳಿಯಿತು. ಯಾರೂ ಒತ್ತುತ್ತಿರಲಿಲ್ಲ. ಟ್ರಾಲಿ ಏರು ಹತ್ತಿ, ಇಳಿಜಾರಿಗೆ ಹೊರಳಿ, ಅದು ಎಂದೂ ಓಡದ ವೇಗದಲ್ಲಿ ಓಡತೊಡಗಿತು.

“ತಳ್ತಾವ್ನಾ, ತುಳೀತಾವ್ನಾ?” ಎಂದು ಹೆಜಕಾಯ ಸೀಫಸ್‌ನ ಕಿವಿಯ ಹತ್ತಿರ ಕೇಳಿದ.

ಹಿಡಿಕೆ ಎದೆಗೆ ಬಡಿಯುವಂತೆ ಹಾರುತ್ತಿತ್ತು. ಹಿಡಿದರೆ ತೋಳು ಮುರಿಯಬೇಕು, ಬಿಟ್ಟರೆ ಹಲ್ಲು. ತಬ್ಬಿ ಕೂತಿದ್ದವನು ಓಡೆಲ್‌ನ ಮೇಲೆ ಅಡ್ಡ ಮಲಗಿಕೊಂಡ. ಸೀಫಸ್ ಇಂಜಿನ್ನಿನ ಕಪ್ಪು ಮುಖಕ್ಕೆ ತನ್ನ ಮುಖ ಕೊಟ್ಟು ನಿಂತು, ಅದರ ಸದ್ದಿಗಿಂತ ಮೇಲೆ ಗಂಟಲು ಹರಿಯುವಂತೆ ಮುಂದಿನ ಕೂಗು ಹಾಕಿದ. ನಾಲ್ಕು ಗಂಟಲು ಐಸಾ ಎಂದವು. ಅವನು ಐದನೆಯದಕ್ಕೆ, ತಮ್ಮನದಕ್ಕೆ, ಕಾದ.